ಬಣ್ಣ ಎಲ್ಲಿ ಹೊಡೀತೀರಿ? ಹಳೆ ಸ್ಪೋರ್ಟ್ಸ್ ಕಾರಿನ ಕಿಟ್ ಆರಿಸುವವರಿಗೆ

ಕಳೆದ ಎರಡು ತಿಂಗಳಲ್ಲಿ ಮೂವರು ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬ ದಾವಣಗೆರೆಯಲ್ಲೇ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುವ ಹುಡುಗ. ಇನ್ನೊಬ್ಬರು ಚಿತ್ರದುರ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾರೆ, ರಿಟೈರ್ ಆಗೋಕೆ ನಾಲ್ಕು ವರ್ಷ ಇದೆ. ಮೂರನೆಯವರು ಹತ್ತನೇ ಕ್ಲಾಸ್ ಮುಗಿಸಿದ ಮಗನ ಕೈಗೆ ಮೊಬೈಲ್ ಬಿಟ್ಟು ಬೇರೆ ಏನಾದರೂ ಕೊಡಬೇಕು ಅಂತಿರುವ ತಾಯಿ. "ಹಳೆ ಸ್ಪೋರ್ಟ್ಸ್ ಕಾರಿನ ಮಾದರಿ ಕಟ್ಟಬೇಕು, ಯಾವ ಕಿಟ್ ತಗೊಳ್ಳೋದು?" ಮೂವರಿಗೂ ನಾನು ತಿರುಗಿ ಕೇಳಿದ್ದು ಒಂದೇ ಮಾತು. "ಬಣ್ಣ ಎಲ್ಲಿ ಹೊಡೀತೀರಿ?"

ಕಿಟ್ ಅಂದ್ರೆ ಪುಟ್ಟ ಕಾರಿನ ಬಿಡಿ ಭಾಗಗಳ ಡಬ್ಬಿ, ಜೋಡಿಸಿ ಬಣ್ಣ ಹೊಡೆಯುವ ಕೆಲಸ ನಮ್ಮದು. ಅದರಲ್ಲೂ ಮಾದರಿ ಕಾರು ಅಂದ್ರೆ ಮುಕ್ಕಾಲು ಪಾಲು ಬಣ್ಣ. ಯುದ್ಧದ ಟ್ಯಾಂಕ್ ಕಟ್ಟುವವರಿಗೆ ಬಣ್ಣ ಸ್ವಲ್ಪ ಒರಟಾದರೂ ನಡೆಯುತ್ತದೆ. ಮೇಲೆ ಮಣ್ಣು, ಮಸಿ, ತುಕ್ಕು ಮೆತ್ತಿ ಮುಚ್ಚಬಹುದು. ಕಾರಿಗೆ ಆ ಅನುಕೂಲ ಇಲ್ಲ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪಿನ ಆ ಉದ್ದ ಮೂತಿ ಹೊಳೆದರೇನೇ ಚಂದ. ಒಳಗೆ ಸೀಟು, ಸ್ಟೀರಿಂಗ್ ಎಷ್ಟೇ ನೀಟಾಗಿ ಮಾಡಿರಿ, ನೋಡುವವರ ಕಣ್ಣು ಮೊದಲು ಹೋಗುವುದು ಬಾನೆಟ್ ಮೇಲೆ.

ನನ್ನ ಮೊದಲ ಇ-ಟೈಪ್ ಕೆಟ್ಟಿದ್ದೂ ಬಣ್ಣದಲ್ಲೇ. ಮೂರು ವಾರ ಕೂತು ಜೋಡಿಸಿದ್ದೆ. ಬಣ್ಣಕ್ಕೆ ಅಂತ ಒಂದು ಗ್ಯಾರೇಜಿಗೆ ಒಯ್ದೆ. ನಿಜವಾದ ಕಾರಿಗೇ ಅಷ್ಟು ಚೆನ್ನಾಗಿ ಹೊಡೀತಾರೆ, ಇದೇನು ಮಹಾ ಅಂದುಕೊಂಡಿದ್ದೆ. ಹೊಡೆದು ಹತ್ತು ನಿಮಿಷ ಆಗಿರಲಿಲ್ಲ, ಬಾನೆಟ್ ಮೇಲೆ ಬೇಸಿಗೆಯ ಬೆವರುಸಾಲೆ ಥರ ಸಣ್ಣ ಸಣ್ಣ ಬಿರುಕು, ಗುಳ್ಳೆ ಎದ್ದವು. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಕಾರಿನ ಬಣ್ಣಕ್ಕೆ ಹಾಕುವ ಖಾರವಾದ ತಿನ್ನರ್ ಅದನ್ನೇ ತಿಂದುಬಿಡುತ್ತದೆ. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮನೆಗೆ ತಂದು ಡಬ್ಬಿಯಲ್ಲಿಟ್ಟೆ. ಇವತ್ತಿಗೂ ಅದನ್ನು ಎಸೆಯೋಕೆ ಮನಸ್ಸು ಬಂದಿಲ್ಲ.

ಹಾಗಾಗಿ ಕಿಟ್ ನೋಡುವ ಮೊದಲು ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳಿ.

ಮೊದಲನೆಯದು ಜಾಗ. ಸ್ಪ್ರೇ ಡಬ್ಬಿಯಲ್ಲಿ ಬರುವುದು ಲ್ಯಾಕರ್, ಅಂದರೆ ಬೇಗ ಒಣಗುವ ಘಾಟಿನ ಬಣ್ಣ. ಅದರ ವಾಸನೆ ಮನೆಯಿಡೀ ಹರಡುತ್ತದೆ, ತಲೆ ಹಿಡಿಯುತ್ತದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಒಳಗೆ ಹೊಡೆಯುವ ಮಾತೇ ಬೇಡ. ತಾರಸಿ, ಹಿತ್ತಲು, ಮೆಟ್ಟಿಲ ಮೇಲಿನ ರೂಮು, ಯಾವುದಾದರೊಂದು ಬೇಕು. ಗಾಳಿ ಆಡಬೇಕು, ಆದರೆ ಬೀಸಬಾರದು. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮಳೆಗಾಲದ ಗಾಳಿಯಲ್ಲಿ ತಾರಸಿ ಮೇಲೆ ಡಬ್ಬಿ ಒತ್ತಿದರೆ ಅರ್ಧ ಬಣ್ಣ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ ಹೋಗುತ್ತದೆ. ದಾವಣಗೆರೆಯಲ್ಲಿ ಕಾಟ ಕೊಡೋದು ಧೂಳು. ಮಂಡಕ್ಕಿ ಭಟ್ಟಿಗಳ ಆಸುಪಾಸು ಮನೆ ಇದ್ದವರಿಗೆ ಮಸಿ. ಊರಂಚಿನವರಿಗೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಹೊಟ್ಟು.

ಎರಡನೆಯದು ಒಟ್ಟು ಖರ್ಚು. ಎಲ್ಲರೂ ಡಬ್ಬಿಯ ಬೆಲೆ ಮಾತ್ರ ನೋಡುತ್ತಾರೆ. ಮೂರು ಸಾವಿರದ ಕಿಟ್ ತಗೊಂಡರೆ ಮೊದಲ ಸಲ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ), ಬಣ್ಣ, ಅಂಟು, ಭಾಗಗಳನ್ನು ಕತ್ತರಿಸುವ ನಿಪ್ಪರ್, ವಾಟರ್ ಪೇಪರ್, ಮಾಸ್ಕಿಂಗ್ ಟೇಪ್ ಅಂತ ಇನ್ನೊಂದು ಮೂರು ಸಾವಿರ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ. ಎರಡನೇ ಕಿಟ್‌ಗೆ ಅದರಲ್ಲಿ ಅರ್ಧ ಉಳಿದಿರುತ್ತದೆ.

ಮೂರನೆಯದು, ಬಾನೆಟ್ ಎತ್ತಿ ಒಳಗೆ ನೋಡುವ ಆಸೆ ಇದೆಯಾ, ಹೊರಗಿನ ರೂಪ ಸಾಕಾ? ನಾಲ್ಕನೆಯದು, ಎಷ್ಟು ದೊಡ್ಡದು ಬೇಕು? ಇ-ಟೈಪ್ ನಿಜದಲ್ಲಿ ಹೆಚ್ಚುಕಡಿಮೆ 4.45 ಮೀಟರ್ ಉದ್ದ. 1/43 ಅಳತೆಯಲ್ಲಿ, ಅಂದರೆ ನಿಜದ ಕಾರಿನ ನಲವತ್ಮೂರನೇ ಒಂದು ಪಾಲಿನಲ್ಲಿ, ಅದು 10 ಸೆಂಟಿಮೀಟರ್, 1/32ರಲ್ಲಿ 14, 1/24ರಲ್ಲಿ ಹದಿನೆಂಟೂವರೆ, ಅಂದರೆ ಒಂದು ಗೇಣಿಗೆ ಕೊಂಚ ಕಡಿಮೆ. 1/12ಕ್ಕೆ ಹೋದರೆ 37 ಸೆಂಟಿಮೀಟರ್. ಅದಕ್ಕೆ ಟಿವಿ ಸ್ಟ್ಯಾಂಡಿನ ಅರ್ಧ ಬಿಟ್ಟುಕೊಡಬೇಕು.

ಈಗ ಕಿಟ್‌ಗಳಿಗೆ ಬರೋಣ.

ಬಣ್ಣದ ಗೊಡವೆಯೇ ಬೇಡ ಅನ್ನುವವರಿಗೆ ಲೋಹದ ಕಿಟ್ ಇವೆ. ಮೈಸ್ಟೊ ಕಂಪನಿಯ ಅಸೆಂಬ್ಲಿ ಲೈನ್ ಅಂತ ಬರುತ್ತದೆ, 1/24 ಅಳತೆ. ಬಾಡಿಗೆ, ಅಂದರೆ ಕಾರಿನ ಹೊರಮೈಗೆ, ಮೊದಲೇ ಬಣ್ಣ ಆಗಿರುತ್ತದೆ, ಸ್ಕ್ರೂಡ್ರೈವರ್ ಡಬ್ಬಿಯಲ್ಲೇ ಇರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತರೆ ಸಂಜೆ ಚಹಾ ಹೊತ್ತಿಗೆ ಕಾರು ಮುಗಿದಿರುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಇದು ತುಂಬಾ ಒಳ್ಳೆಯದು. ಕಾರಿನ ತಳ ಎಲ್ಲಿ, ಸೀಟು ಹೇಗೆ ಕೂರುತ್ತದೆ, ಗಾಜು ಯಾವ ಕಡೆಯಿಂದ ಹಾಕುತ್ತಾರೆ, ಎಲ್ಲ ಗೊತ್ತಾಗುತ್ತದೆ. ಆದರೆ ಕಟ್ಟುವ ರುಚಿ ಹತ್ತಿದವರಿಗೆ ಒಂದಕ್ಕೇ ಸಾಕಾಗುತ್ತದೆ.

ಅದರ ಮೇಲಿನ ಮೆಟ್ಟಿಲು ಏರ್‌ಫಿಕ್ಸ್‌ನಂಥವರ ಸ್ಟಾರ್ಟರ್ ಸೆಟ್. ಅಂಟು, ಪುಟಾಣಿ ಕುಪ್ಪಿಗಳಲ್ಲಿ ಬಣ್ಣ, ಬ್ರಷ್ ಎಲ್ಲ ಅದರಲ್ಲೇ ಬರುತ್ತವೆ. ಕಾರು ಸಣ್ಣದು, ಭಾಗಗಳೂ ಕಡಿಮೆ. ಸಣ್ಣದಾಗಿರುವುದೇ ಇಲ್ಲಿ ಲಾಭ, ಬ್ರಷ್‌ನಲ್ಲಿ ಬಾಡಿಗೆ ಬಣ್ಣ ಹಚ್ಚಿದರೂ ಒಂದು ಅಂಚು ಒಣಗುವ ಮೊದಲೇ ಇನ್ನೊಂದು ಅಂಚು ಮುಟ್ಟಬಹುದು, ಗೆರೆ ಅಷ್ಟಾಗಿ ಕಾಣುವುದಿಲ್ಲ. ಹಾಸ್ಟೆಲ್ ರೂಮಿಗೆ ಇದಕ್ಕಿಂತ ಸರಿಯಾದ್ದು ಇಲ್ಲ. ಏರ್‌ಫಿಕ್ಸ್‌ನವರು 1/32ರಲ್ಲಿ ಟ್ರಯಂಫ್ ಹೆರಾಲ್ಡ್ ಕೂಡ ಮಾಡಿದ್ದರು, ಹಳೆ ಡಬ್ಬಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅದು ಸ್ಪೋರ್ಟ್ಸ್ ಕಾರಲ್ಲ, ನಿಜ. ಆದರೆ ಅದೇ ಕಾರು ನಮ್ಮಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ, ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚುವ ಆ ಕಾರನ್ನು ಕಂಡವರು ಇನ್ನೂ ಇದ್ದಾರೆ. ಅದರ ಚಾಸಿಯನ್ನೇ ಗಿಡ್ಡ ಮಾಡಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಕಟ್ಟಿದ್ದು.

ಮೂರನೆಯದು 1/24ರ ಕಿಟ್, ಇಂಜಿನ್ ಇಲ್ಲದ್ದು. ಬಾನೆಟ್ ಬಾಡಿಯ ಜೊತೆಗೇ ಅಚ್ಚಾಗಿರುತ್ತದೆ, ತೆರೆಯುವುದಿಲ್ಲ. ಹಾಸೆಗಾವಾದ ಟೊಯೊಟಾ 2000 ಜಿಟಿ ಈ ಥರದ್ದು. ಬಾನೆಟ್ ತೆರೆಯದ ಕಿಟ್ ತಗೊಂಡರೆ ಮೋಸ ಹೋದ ಹಾಗೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಡೀ ಬಾಡಿ ಒಂದೇ ತುಂಡಾಗಿದ್ದರೆ ಬಣ್ಣ ಒಂದೇ ಸಲಕ್ಕೆ, ಒಂದೇ ಹದಕ್ಕೆ ಕೂರುತ್ತದೆ. ಬಾನೆಟ್ ಒಂದು ಛಾಯೆ, ಬಾಗಿಲು ಇನ್ನೊಂದು ಛಾಯೆ ಆಗುವ ಭಯ ಇಲ್ಲ. ಕೂಡುವ ಗೆರೆಯಲ್ಲಿ ಸಂದು ಬೀಳುವುದಿಲ್ಲ. ದೊಡ್ಡವರು ಮೊದಲ ಸಲ ಕಟ್ಟುವುದಾದರೆ, ಸ್ಪ್ರೇ ಹೊಡೆಯಲು ಜಾಗ ಇದ್ದರೆ, ನಾನು ಹೇಳುವುದು ಇದನ್ನೇ. ಅಮೆರಿಕದ ಕಂಪನಿಗಳ ಕಿಟ್ ಹೆಚ್ಚಾಗಿ 1/25 ಇರುತ್ತವೆ, ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ.

ನಾಲ್ಕನೆಯದು ಇಂಜಿನ್ ಸಮೇತ ಬರುವ 1/24. ಇಲ್ಲಿ ನನ್ನ ಪ್ರೀತಿಯ ಕಿಟ್ ಒಂದಿದೆ, ಟಾಮಿಯಾದ ಮರ್ಸಿಡಿಸ್ 300 ಎಸ್‌ಎಲ್. 1954ರ ಈ ಕಾರಿನ ಬಾಗಿಲು ಹಕ್ಕಿ ರೆಕ್ಕೆಯಂತೆ ಮೇಲಕ್ಕೆ ಏಳುತ್ತವೆ. ನೋಟಕ್ಕಾಗಿ ಮಾಡಿದ್ದಲ್ಲ ಅದು. ಕಾರಿನ ಮೈ ನಿಂತಿರುವುದು ತೆಳು ಕೊಳವೆಗಳನ್ನು ಹೆಣೆದ ಚೌಕಟ್ಟಿನ ಮೇಲೆ. ಆ ಚೌಕಟ್ಟು ಎರಡೂ ಪಕ್ಕದಲ್ಲಿ ಎತ್ತರಕ್ಕೆ ಬರುತ್ತದೆ, ಮಾಮೂಲಿ ಬಾಗಿಲಿಗೆ ಜಾಗವೇ ಇಲ್ಲ. ಅದಕ್ಕೇ ಮೇಲಕ್ಕೆ ತೆರೆದರು. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ನನಗಿದು ತಲೆಗೆ ಹತ್ತಿರಲಿಲ್ಲ. ಕಿಟ್‌ನಲ್ಲಿ ಆ ಕೊಳವೆಗಳನ್ನು ಒಂದೊಂದಾಗಿ ಕೂಡಿಸಿ, ಬಾಗಿಲಿನ ಜಾಗಕ್ಕೆ ಬೆರಳಿಟ್ಟು ನೋಡಿದಾಗ ತಟ್ಟನೆ ಹೊಳೆಯಿತು. ಇಂಜಿನ್ ಇರುವ ಕಿಟ್‌ನ ದೊಡ್ಡ ಸುಖ ಇದೇ, ಕಾರು ಯಾಕೆ ಹಾಗಿದೆ ಅಂತ ಕೈಗೆ ಅರ್ಥ ಆಗುತ್ತದೆ.

ರೆವೆಲ್‌ನ 1/24 ಇ-ಟೈಪಿನಲ್ಲೂ ಬಾನೆಟ್ ತೆರೆಯುತ್ತದೆ, ಇಂಜಿನ್ ಇದೆ. ಆದರೆ ಇಂಥ ಕಿಟ್‌ಗಳಿಗೆ ತಗಲುವ ಸಮಯ ದುಪ್ಪಟ್ಟು. ಬಾಡಿಯ ಬಿಡಿ ತುಂಡುಗಳಿಗೆಲ್ಲ ಒಂದೇ ದಿನ, ಒಂದೇ ಡಬ್ಬಿಯಿಂದ ಬಣ್ಣ ಆಗಬೇಕು. ಬಣ್ಣ ದಪ್ಪ ಆದರೆ ಬಾಗಿಲು ಕೂರುವುದೇ ಇಲ್ಲ, ಅದಕ್ಕೆ ಬಣ್ಣಕ್ಕೆ ಮೊದಲೇ ಎಲ್ಲ ತುಂಡುಗಳನ್ನೂ ಟೇಪ್ ಹಚ್ಚಿ ಕೂರಿಸಿ ನೋಡಬೇಕು. ಫುಜಿಮಿಯ ಎಂತೂಸಿಯಾಸ್ಟ್ ಸರಣಿಯಲ್ಲಿ ಹಳೆ ಪೋರ್ಷೆ 911, 356 ಸಿಗುತ್ತವೆ. ವಿವರ ಬಹಳ ಚೆನ್ನಾಗಿದೆ, ಭಾಗಗಳು ಮಾತ್ರ ರಾಶಿ ರಾಶಿ. ನಾಲ್ಕೈದು ಕಾರು ಕಟ್ಟಿದ ಮೇಲೆ ಕೈ ಹಾಕಿ.

1/12ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಾಮಿಯಾದ ದತ್ಸನ್ 240 ಝಡ್‌ಜಿ ಆ ಅಳತೆಯಲ್ಲಿ ಬಂದಿದೆ, ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಕಿಟ್‌ಗೇ ಹತ್ತು ಸಾವಿರ ದಾಟುತ್ತದೆ, ಬಣ್ಣವೂ ಅದೇ ಲೆಕ್ಕದಲ್ಲಿ ಜಾಸ್ತಿ ಬೇಕು. ಮೊದಲ ಕಿಟ್ ಆಗಿ ಬೇಡ.

ಇನ್ನು ಬಣ್ಣ. ಬ್ರಷ್, ಸ್ಪ್ರೇ ಡಬ್ಬಿ, ಏರ್‌ಬ್ರಷ್, ಮೂರರಲ್ಲಿ ಯಾವುದು?

ಬ್ರಷ್ ಎಲ್ಲರಿಗೂ ಬೇಕು, ಸೀಟು, ಡ್ಯಾಶ್‌ಬೋರ್ಡ್, ಇಂಜಿನ್ ಭಾಗಗಳಿಗೆ ಅದೇ ಗತಿ. ಬಾಡಿಗೂ ಬ್ರಷ್ಷೇ ಅನ್ನುವವರು ಹಂಬ್ರೋಲ್ ಥರದ ಎನಾಮಲ್, ಅಂದರೆ ಎಣ್ಣೆ ಬಣ್ಣ, ತಗೊಳ್ಳಿ. ಅದು ನಿಧಾನಕ್ಕೆ ಒಣಗುತ್ತದೆ, ಹಾಗಾಗಿ ಬ್ರಷ್ಷಿನ ಗೆರೆ ತಾನೇ ಹರಡಿ ಮಟ್ಟ ಆಗಲು ಸಮಯ ಸಿಗುತ್ತದೆ. ತೆಳುವಾಗಿ ಮೂರು ಕೋಟ್, ಒಂದೊಂದರ ನಡುವೆ ಎರಡು ದಿನ ಬಿಡಿ. ಟಾಮಿಯಾದ ಅಕ್ರಿಲಿಕ್ ಕುಪ್ಪಿ ಬಣ್ಣ ಬ್ರಷ್‌ನಲ್ಲಿ ದೊಡ್ಡ ಜಾಗಕ್ಕೆ ಒಗ್ಗುವುದಿಲ್ಲ. ಎರಡನೇ ಸಲ ಎಳೆದರೆ ಕೆಳಗಿನ ಬಣ್ಣವೂ ಕರಗಿ ಎದ್ದು ಬರುತ್ತದೆ.

ಮೊದಲ 1/24 ಕಾರಿಗೆ ನನ್ನ ಓಟು ಸ್ಪ್ರೇ ಡಬ್ಬಿಗೆ. ಟಾಮಿಯಾದ ಟಿಎಸ್ ಡಬ್ಬಿ 100 ಮಿಲಿ ಬರುತ್ತದೆ, ಒಂದು ಕಾರಿನ ಬಾಡಿಗೆ ಧಾರಾಳ. ಪ್ಲಾಸ್ಟಿಕ್ ಕಿಟ್‌ಗಳಿಗೆ ಅಂತಲೇ ಮಾಡಿದ್ದು, ತಿನ್ನುವುದಿಲ್ಲ. ಆದರೆ ಒಂದು ತೊಡಕಿದೆ. ಒತ್ತಡದ ಡಬ್ಬಿಗಳನ್ನು ಮಾಮೂಲಿ ಪಾರ್ಸೆಲ್ ಥರ ವಿಮಾನದಲ್ಲಿ ಕಳಿಸಲು ಬಿಡುವುದಿಲ್ಲ, ರಸ್ತೆ ಮೇಲೇ ಬರಬೇಕು. ಮುಂಬೈ ಕಡೆಯಿಂದ ತರಿಸಿದರೆ ಕಿಟ್ ಒಂದು ದಿನ ಬಂದು ಬಣ್ಣ ಇನ್ನೊಂದು ವಾರ ಬರುತ್ತದೆ. ಬೆಂಗಳೂರಿಗೆ ಹೋಗುವ ಪರಿಚಯದವರು ಇದ್ದರೆ ಅವರ ಕೈಲಿ ತರಿಸಿಕೊಳ್ಳುವುದೇ ಸುಲಭ.

ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ, ಪೆನ್ನಿನಂಥ ಸಾಧನ. ಅದು ಮತ್ತು ಗಾಳಿ ಟ್ಯಾಂಕ್ ಇರುವ ಕಂಪ್ರೆಸರ್ ಸೇರಿ ಏಳೆಂಟು ಸಾವಿರದಿಂದ ಮೇಲೆ. 0.3 ಮಿಲಿಮೀಟರ್ ನಾಝಲ್ ಕಾರುಗಳಿಗೆ ಸಾಕು. ಬೇಕಾದ ಛಾಯೆ ನೀವೇ ಕಲೆಸಬಹುದು, ಬಣ್ಣ ತೆಳುವಾಗಿ ಕೂರುತ್ತದೆ, ಲೀಟರ್ ಲೆಕ್ಕದಲ್ಲಿ ನೋಡಿದರೆ ಅಗ್ಗವೂ ಹೌದು. ಆದರೆ ಪ್ರತಿ ಸಲ ಬಿಚ್ಚಿ ತೊಳೆಯಬೇಕು. ಇಪ್ಪತ್ತು ನಿಮಿಷ ಹೊಡೆದರೆ ಇಪ್ಪತ್ತು ನಿಮಿಷ ತೊಳೆಯುವುದು. ವರ್ಷಕ್ಕೆ ಒಂದು ಕಾರು ಕಟ್ಟುವವರಿಗೆ ಇದು ಬೇಡ. ಮೂರ್ನಾಲ್ಕು ಕಟ್ಟುತ್ತೇನೆ ಅನ್ನುವವರಿಗೆ ಎರಡನೇ ವರ್ಷಕ್ಕೆ ದುಡ್ಡು ವಾಪಸ್ ಬಂದ ಹಾಗೆ. ಡಬ್ಬಿ ಆಗಲಿ ಏರ್‌ಬ್ರಷ್ ಆಗಲಿ, ಲ್ಯಾಕರ್ ಹೊಡೆಯುವಾಗ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಬಟ್ಟೆ ಮಾಸ್ಕ್ ಆ ಆವಿಯನ್ನು ತಡೆಯುವುದಿಲ್ಲ. ಇದರಲ್ಲಿ ದುಡ್ಡು ಉಳಿಸಬೇಡಿ.

ಯಾವ ದಾರಿ ಹಿಡಿದರೂ ಹೊಡೆಯುವ ಕ್ರಮ ಮಾತ್ರ ಒಂದೇ. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಜಿಡ್ಡು ಉಳಿದಿರುತ್ತದೆ. ಆಮೇಲೆ ಪ್ರೈಮರ್. ಕೆಂಪು ಪ್ಲಾಸ್ಟಿಕ್‌ನಲ್ಲಿ ಬಂದ ಬಾಡಿಗೆ ಬಿಳಿ ಹೊಡೆಯುವ ಆಸೆ ಇದ್ದರೆ ಪ್ರೈಮರ್ ಇಲ್ಲದೆ ಆಗುವುದೇ ಇಲ್ಲ, ಕೆಳಗಿನ ಕೆಂಪು ನಿಧಾನಕ್ಕೆ ಮೇಲೆ ಬಂದು ಬಿಳಿ ಗುಲಾಬಿ ಆಗುತ್ತದೆ. ಮೊದಲು ಎರಡು ಸಲ ಮಂಜಿನ ಹಾಗೆ ತೆಳುವಾಗಿ, ಕೊನೆಗೆ ಒಂದು ಸಲ ಒದ್ದೆ ಕಾಣುವಷ್ಟು. ಎನಾಮಲ್ ಮೇಲೆ ಲ್ಯಾಕರ್ ಯಾವತ್ತೂ ಬೇಡ, ಬಿಸಿ ಹಾಲಿನ ಮೇಲಿನ ಕೆನೆ ಥರ ಸುಕ್ಕುಗಟ್ಟುತ್ತದೆ. ಲ್ಯಾಕರ್ ಒಣಗಿದ ಮೇಲೆ ಎನಾಮಲ್ ಹಚ್ಚಿದರೆ ತೊಂದರೆ ಇಲ್ಲ.

ಹವಾಮಾನ ನಮ್ಮ ಕಡೆ ಅರ್ಧ ಕೆಲಸ ಮಾಡುತ್ತದೆ, ಇಲ್ಲವೇ ಅರ್ಧ ಕೆಡಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಹೊಡೆದರೆ ಬಣ್ಣ ಕಾರು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಕೈಗೆ ರವೆ ಸವರಿದ ಹಾಗೆ ಸಿಗುತ್ತದೆ. ಮಳೆ ಹಿಡಿದ ದಿನ ಹೊಡೆದರೆ ಗಾಳಿಯ ತೇವ ಸೇರಿ ಬೂದಿ ಬಳಿದಂತೆ ಮಂಕು. ನವೆಂಬರಿನಿಂದ ಫೆಬ್ರವರಿವರೆಗೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು, ಆ ಎರಡು ತಾಸು ನಮ್ಮದು. ಸುತ್ತ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿಕೊಳ್ಳಿ. ಹೊಡೆದ ತಕ್ಷಣ ಮೇಲೆ ರಟ್ಟಿನ ಡಬ್ಬಿ ಮುಚ್ಚಿ, ಮುಟ್ಟಬೇಡಿ. ಒಣಗಿದೆಯಾ ಅಂತ ತಿಳಿಯಲು ಬೆರಳು ಬೇಡ, ಮೂಗು ಸಾಕು. ಹತ್ತಿರ ಹಿಡಿದು ಮೂಸಿ ನೋಡಿ, ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಒಳಗೆ ಹಸಿ ಇದೆ ಅಂತ ಅರ್ಥ. ಪೂರ್ತಿ ಒಣಗಿದ ಮೇಲೆ 2000 ನಂಬರಿನ ವಾಟರ್ ಪೇಪರ್‌ನಲ್ಲಿ ಸೋಪು ನೀರು ಹಾಕಿ ಹಗುರಕ್ಕೆ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಉಜ್ಜಬೇಡಿ. ವಾಟರ್ ಪೇಪರ್, ಕಾಂಪೌಂಡ್ ಎರಡೂ ನಮ್ಮೂರಿನ ಕಾರು ಬಣ್ಣದ ಅಂಗಡಿಗಳಲ್ಲೇ ಸಿಗುತ್ತವೆ. ಅಲ್ಲಿಂದ ತಿನ್ನರ್ ಒಂದನ್ನು ಮಾತ್ರ ತರಬೇಡಿ.

ಕಿಟಕಿ ಗಾಜಿಗೆ ಫೆವಿಕ್ವಿಕ್ ಹಾಕಬೇಡಿ, ಸುತ್ತ ಬಿಳಿ ಹೊಗೆ ಹಿಡಿದಂತಾಗುತ್ತದೆ. ಬಿಳಿ ಫೆವಿಕಾಲ್ ಕಡ್ಡಿಯಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು, ಒಣಗಿದ ಮೇಲೆ ಕಾಣುವುದೇ ಇಲ್ಲ.

ಬಣ್ಣ ಯಾವುದು? ಹಿಂದೆ ರೇಸುಗಳಲ್ಲಿ ದೇಶಕ್ಕೊಂದು ಬಣ್ಣ ಇತ್ತು. ಇಂಗ್ಲೆಂಡಿಗೆ ಕಡು ಹಸಿರು, ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಆಮೇಲೆ ಬೆಳ್ಳಿ. ಹಾಗಾಗಿ ಇ-ಟೈಪಿಗೆ ಹಸಿರೇ ಅಂತ ಎಲ್ಲರ ಮನಸ್ಸಿನಲ್ಲಿರುತ್ತದೆ. ಆದರೆ ಕಡು ಬಣ್ಣ ಒಂದು ಧೂಳಿನ ಕಣವನ್ನೂ ಮುಚ್ಚಿಡುವುದಿಲ್ಲ. ಬೆಳ್ಳಿ ಬಣ್ಣವನ್ನು ಹಾಗೇ ಉಜ್ಜಲು ಬರುವುದಿಲ್ಲ, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಬೇಕೇ ಬೇಕು. ಮೊದಲ ಕಾರಿಗೆ ಕೆನೆ ಬಣ್ಣ ಅಥವಾ ತಿಳಿ ನೀಲಿ ತಗೊಳ್ಳಿ, ತಪ್ಪುಗಳನ್ನು ಕ್ಷಮಿಸುತ್ತವೆ.

ಆ ಮೂವರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಹಾಸ್ಟೆಲ್ ಹುಡುಗನಿಗೆ ಸ್ಟಾರ್ಟರ್ ಸೆಟ್, ಬ್ರಷ್ ಕೆಲಸ. ರೂಮಿನಲ್ಲಿ ಸ್ಪ್ರೇ ಹೊಡೆದು ವಾರ್ಡನ್ ಕೈಲಿ ಬೈಸಿಕೊಳ್ಳುವುದು ಬೇಡ, ರಜೆಯಲ್ಲಿ ಊರಿಗೆ ಹೋದಾಗ 1/24 ನೋಡೋಣ. ಆ ತಾಯಿಗೆ, ಮಗ ಮೊದಲು ಲೋಹದ ಕಿಟ್ ಒಂದು ಕಟ್ಟಲಿ ಅಂದೆ. ಮುಗಿಸಿ "ಇನ್ನೊಂದು ಬೇಕು" ಅಂದರೆ ಇಂಜಿನ್ ಇಲ್ಲದ 1/24 ಒಂದು, ಎರಡು ಸ್ಪ್ರೇ ಡಬ್ಬಿ, ಪಕ್ಕದಲ್ಲಿ ದೊಡ್ಡವರೊಬ್ಬರು. ಬ್ಯಾಂಕಿನವರಿಗೆ 300 ಎಸ್‌ಎಲ್ ಮೇಲೇ ಕಣ್ಣು. "ಸಾರ್, ಅದನ್ನು ಈಗಲೇ ತಗೊಂಡು ಇಟ್ಟುಕೊಳ್ಳಿ, ಆದರೆ ಟೊಯೊಟಾ 2000 ಜಿಟಿ ಮುಗಿಸಿ ಅದರ ಡಬ್ಬಿ ತೆರೆಯಿರಿ" ಅಂದೆ. ಒಪ್ಪಿದರು.

ಬಾಡಿಗೆ ಹೊಡೆಯುವ ಮೊದಲು ಮನೆಯಲ್ಲಿ ಬಿದ್ದಿರುವ ಹಳೆ ಪ್ಲಾಸ್ಟಿಕ್ ಚಮಚ ನಾಲ್ಕೈದು ಹುಡುಕಿಕೊಳ್ಳಿ. ಚಮಚದ ಬೆನ್ನು ಕಾರಿನ ಮಡ್‌ಗಾರ್ಡ್ ಥರವೇ ಉಬ್ಬಿರುತ್ತದೆ. ಪ್ರೈಮರ್, ಬಣ್ಣ, ಪಾಲಿಶ್ ಎಲ್ಲ ಮೊದಲು ಅದರ ಮೇಲೆ ಆಗಲಿ. ಒಣಗಿದ ಮೇಲೆ ತಾರಸಿಗೆ ಒಯ್ದು ಬಿಸಿಲಿಗೆ ಹಿಡಿಯಿರಿ. ಚಮಚದಲ್ಲಿ ಆಕಾಶ ನೇರವಾಗಿ ಕಂಡರೆ ಮಾರನೇ ದಿನ ಬಾಡಿಗೆ ಹೊಡೆಯಬಹುದು. ನಡುಗಿದ ಹಾಗೆ ಕಂಡರೆ ಇನ್ನೊಂದು ಚಮಚ ತಗೊಳ್ಳಿ.